ಆಕಾಶದ ಬಿಳಿ ಗೆರೆಗೆ ಎಷ್ಟು ದೊಡ್ಡ ಲೆನ್ಸ್ ಬೇಕು?

ವಿಮಾನ ಬಿಟ್ಟು ಹೋಗುವ ಬಿಳಿ ಗೆರೆಯ ಫೋಟೋ ತೋರಿಸಿದಾಗಲೆಲ್ಲ ಇದೇ ಪ್ರಶ್ನೆ: "ಎಷ್ಟು ದೊಡ್ಡ ಲೆನ್ಸ್ ಬೇಕು ಸಾರ್?" ನನ್ನ ಹತ್ತಿರ ಇರುವುದು 400 ಎಂಎಂ, ದೂರದ್ದನ್ನು ಹತ್ತಿರ ತರುವ ಲೆನ್ಸ್. ಆದರೆ ಲೆನ್ಸಿಗಿಂತ ಮೊದಲು ಮೇಲಿನ ಗಾಳಿಯನ್ನು ನೋಡಲು ಕಲಿಯಿರಿ.

ಚಿಕ್ಕವರಿದ್ದಾಗ ಇದನ್ನೇ ನಾವು ರಾಕೆಟ್ ಅಂತಿದ್ದೆವು, ಅಲ್ವಾ? ಅದು ಮಂಜುಗಡ್ಡೆಯ ಹರಳುಗಳ ಗೆರೆ. ಎಂಜಿನ್‌ನಲ್ಲಿ ಇಂಧನ ಉರಿದಾಗ ನೀರಾವಿ ಹುಟ್ಟುತ್ತದೆ. ಹೊರಗೆ ಮೈನಸ್ 40 ಡಿಗ್ರಿ ಆಸುಪಾಸು, ಅಥವಾ ಅದಕ್ಕಿಂತ ಜಾಸ್ತಿ ಚಳಿ ಇದ್ದರೆ, ಆ ಆವಿ ಮಸಿಯ ಕಣಗಳಿಗೆ ಅಂಟಿ ಹೆಪ್ಪುಗಟ್ಟುತ್ತದೆ. ನಮ್ಮ ಬಿಸಿ ಸೀಮೆಯಲ್ಲಿ ಅಂಥ ಚಳಿ ಸಿಗಲು ಸುಮಾರು 11 ಕಿಲೋಮೀಟರ್ ಮೇಲೇರಬೇಕು. ಹಾಗಾಗಿ ಬೆಂಗಳೂರಿಗೆ ಇಳಿಯಲು ಬರುವ ವಿಮಾನಕ್ಕೆ ಕಾದು ಕೂರಬೇಡಿ. ನಮ್ಮ ತಲೆ ಮೇಲೆ ಹಾದು ದೂರದ ದೇಶಕ್ಕೆ ಹೋಗುವವು ಬೇಕು. ಹಾರುತ್ತಿರುವ ವಿಮಾನಗಳನ್ನು ತೋರಿಸುವ ಫ್ಲೈಟ್‌ರಾಡಾರ್24 ಆಪ್‌ನಲ್ಲಿ ಎತ್ತರ ನೋಡಿಕೊಳ್ಳಿ. 38,000 ಅಡಿ ಅಂತ ಕಂಡರೆ ನಾನು ಮೆಟ್ಟಿಲು ಹತ್ತಿ ತಾರಸಿಗೆ ಓಡುತ್ತೇನೆ.

ಗಾಳಿ ಒಣಗಿದ್ದರೆ ಗೆರೆ ವಿಮಾನದ ಹಿಂದೆಯೇ ಕರಗಿಬಿಡುತ್ತದೆ. ತೇವ ಇದ್ದರೆ ಗಂಟೆಗಟ್ಟಲೆ ನಿಂತು, ಹಿಂಜಿದ ಹತ್ತಿಯಂತೆ ಹರಡುತ್ತದೆ.

ವಿಮಾನ ನೆತ್ತಿಯ ಮೇಲೆ ಬಂದಾಗಲೇ ಕ್ಲಿಕ್ ಮಾಡಿ. ಆಕಾಶದ ಅಂಚಿನಲ್ಲಿದ್ದಾಗ ನಡುವೆ ಧೂಳು ಜಾಸ್ತಿ, ಫೋಟೋ ಮಸುಕಾಗುತ್ತದೆ. ಖಾಲಿ ನೀಲಿಯಲ್ಲಿ ಆಟೋಫೋಕಸ್ ತಡಕಾಡುತ್ತದೆ. ಹಗಲು ಚಂದ್ರ ಕಂಡರೆ ಅದರ ಮೇಲೆ ಫೋಕಸ್ ಹಿಡಿದು, ಮ್ಯಾನುಯಲ್‌ಗೆ ಹಾಕಿಬಿಡಿ. ಶಟರ್ ವೇಗ 1/1000 ಸೆಕೆಂಡ್ ಸಾಕು. ಸೂರ್ಯನ ಕಡೆ ಮಾತ್ರ ಲೆನ್ಸ್ ತಿರುಗಿಸಬೇಡಿ, ಕಣ್ಣಿಗೆ ಅಪಾಯ.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿ. ಗೆರೆ ಎಂಜಿನ್‌ಗೆ ಅಂಟಿಕೊಂಡಿರುವುದಿಲ್ಲ. ನಡುವೆ ಸ್ವಲ್ಪ ಖಾಲಿ ಜಾಗ ಇರುತ್ತದೆ. ಬಿಸಿ ಗಾಳಿ ತಣ್ಣಗಾಗಲು ಬೇಕಾದಷ್ಟು ದೂರ ಅದು. ನನಗೆ ಇಡೀ ಫೋಟೋದಲ್ಲಿ ತುಂಬ ಇಷ್ಟವಾಗುವುದು ಆ ಜಾಗವೇ. ವಿಮಾನ ಹೋದ ಮೇಲೂ ಒಂದೆರಡು ನಿಮಿಷ ಅಲ್ಲೇ ನಿಲ್ಲಿ. ರೆಕ್ಕೆಗಳು ಎಬ್ಬಿಸಿದ ಸುಳಿಗೆ ಸಿಕ್ಕ ಎರಡು ಬದಿಯ ಗೆರೆಗಳು ಓಲಾಡಿ, ಒಂದಕ್ಕೊಂದು ತಾಗಿ, ಕೆಲವೊಮ್ಮೆ ಕೋಡುಬಳೆ ಸಾಲಿನಂತೆ ತುಂಡಾಗುತ್ತವೆ.

ಸಂಜೆ ಸೂರ್ಯ ಮುಳುಗಿತು ಅಂತ ಕ್ಯಾಮೆರಾ ಒಳಗಿಡಬೇಡಿ. ಅಷ್ಟು ಎತ್ತರದಲ್ಲಿ ಇನ್ನೂ ಹತ್ತು ನಿಮಿಷಕ್ಕೂ ಜಾಸ್ತಿ ಬಿಸಿಲಿರುತ್ತದೆ. ಕೆಳಗೆ ತೆಂಗಿನ ಗರಿಗಳೆಲ್ಲ ಕಪ್ಪಾಗಿರುವಾಗ ಗೆರೆ ಚಿನ್ನದ ಬಣ್ಣದಲ್ಲಿರುತ್ತದೆ. ಆಮೇಲೆ ಕೆಂಪು, ಆಮೇಲೆ ಬೂದಿ.