ಕೊಕ್ಕೆ ಉಂಟಾ ನೋಡಿ

ಕರಾವಳಿಯ ಮೆಡಿಕಲ್ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪಿಜಿಗೆ ಸೇರಿ ಎರಡು ತಿಂಗಳಾಗಿತ್ತು. ಜುಲೈ. ಗದಗದ ಕಡೆಯವನಾದ ನನಗೆ ಆ ಮಳೆಯೇ ಒಂದು ಕಾಯಿಲೆ. ಒಗೆದ ಏಪ್ರನ್ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಇಲಿ ಜ್ವರದ ಸ್ಯಾಂಪಲ್‌ಗಳು ಜಾಸ್ತಿ ಬರುವುದೂ ಆಗಲೇ. ಗದ್ದೆಗಿಳಿದವರು, ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು, ರೋಗಾಣು ಒಳಗೆ ಹೋಗಬಹುದು. ಆಮೇಲೆ ಜ್ವರ, ಕೆಂಪು ಕಣ್ಣು, ಮುಟ್ಟಿಸಿಕೊಳ್ಳಲಾಗದಷ್ಟು ಮೀನಖಂಡದ ನೋವು.

ಆ ದಿನ ಬಂದ ರಕ್ತದಲ್ಲಿ ಸೀರಮ್ ಪರೀಕ್ಷೆ ಮಾಡಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಆ ರೋಗಾಣುವನ್ನು, ಅಂದರೆ ಲೆಪ್ಟೋಸ್ಪೈರಾವನ್ನು, ಕಣ್ಣಾರೆ ನೋಡಬೇಕೆಂಬ ಹುಚ್ಚು. ಮೂಲೆಯಲ್ಲಿ ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪ್ ಹೊದಿಕೆ ಹೊದ್ದು ಕೂತಿತ್ತು.

ಈ ರೋಗಾಣುವಿನ ದಪ್ಪ ಸುಮಾರು 0.1 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಸಾಮಾನ್ಯ ಮೈಕ್ರೋಸ್ಕೋಪಿಗೆ 0.2 ಮೈಕ್ರಾನ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸುವುದು ಆಗದ ಮಾತು. ಬ್ಯಾಕ್ಟೀರಿಯಾ ನೋಡಲು ಹಾಕುವ ಗ್ರಾಂ ಬಣ್ಣವನ್ನೂ ಇದು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಈ ಕತ್ತಲೆಯ ಉಪಾಯ. ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅವ್ವ ಜೋಳ ಕೇರುವಾಗ ಬಿಸಿಲುಕೋಲು ಇಳಿದಿದ್ದರೆ ಧೂಳಿನ ಒಂದೊಂದು ಕಣವೂ ಮಿನುಗುತ್ತಿತ್ತು. ಅದೇ ಧೂಳು ಅಂಗಳದ ಬಿಸಿಲಲ್ಲಿ ಕಾಣುತ್ತಲೇ ಇರಲಿಲ್ಲ. ಇಲ್ಲಿಯೂ ಅಷ್ಟೇ. ಸ್ಲೈಡಿನ ಅಡಿಯಲ್ಲಿರುವ ಕಂಡೆನ್ಸರ್ ಎಂಬ ಭಾಗ ನಡುವಿನ ಬೆಳಕನ್ನು ತಡೆದು ಸುತ್ತಲಿನದನ್ನು ಮಾತ್ರ ಓರೆಯಾಗಿ ಮೇಲಕ್ಕೆ ಬಿಡುತ್ತದೆ. ಆ ಬೆಳಕು ಸ್ಲೈಡಿನ ಮೇಲಿರುವ ಲೆನ್ಸಾದ ಆಬ್ಜೆಕ್ಟಿವ್‌ಗೆ ಸಿಗದೆ ಪಕ್ಕಕ್ಕೆ ಹೋಗಿಬಿಡುತ್ತದೆ. ದಾರಿಯಲ್ಲಿ ಏನಕ್ಕಾದರೂ ತಾಗಿ ಚದುರಿದ್ದು ಮಾತ್ರ ಕಣ್ಣಿಗೆ ಬರುತ್ತದೆ. ಚಿನ್ನದ ನ್ಯಾನೋ ಕಣಗಳನ್ನೂ ಹೀಗೇ ನೋಡುತ್ತಾರೆ. ಕಣದ ಆಕಾರ ಗೊತ್ತಾಗುವುದಿಲ್ಲ, ಅದು ಚದುರಿಸಿದ ಹಸಿರೋ ಕೆಂಪೋ ಚುಕ್ಕೆ ಕಾಣುತ್ತದೆ. ರಕ್ತದ ಗುಂಪು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ 1906ರಲ್ಲೇ ಸಿಫಿಲಿಸ್ ರೋಗಾಣುವನ್ನು ಈ ವಿಧಾನದಲ್ಲಿ ನೋಡಿದ್ದರು. ಇಷ್ಟೆಲ್ಲ ನನಗೆ ಬಾಯಿಪಾಠ ಆಗಿತ್ತು.

ಆದರೂ ಒಂದು ಗಂಟೆ ಬರೀ ಮಂಜು. ಲ್ಯಾಂಪ್ ಜೋರು ಮಾಡಿದೆ, ಸ್ಲೈಡ್ ಬದಲಿಸಿದೆ. ಒಮ್ಮೆ ಸಾಲು ಸಾಲು ಬೆಳ್ಳಿ ಗೆರೆಗಳು ಕಂಡು ಎದೆ ಧಸಕ್ಕೆಂದಿತು. ಅದು ಗಾಜಿನ ಮೇಲೆ ಒತ್ತಿದ ನನ್ನದೇ ಹೆಬ್ಬೆರಳ ಗುರುತು. ಅಷ್ಟರಲ್ಲಿ ಟೆಕ್ನಿಷಿಯನ್ ಆ ಕಡೆ ಬಂದರು. 20 ವರ್ಷದಿಂದ ಅದೇ ಬೆಂಚಿನಲ್ಲಿ ಕೂತವರು, ನಮಗೆಲ್ಲ ‘ಅಣ್ಣ’.

"ಡಾಕ್ಟ್ರೇ, ಕಂಡೆನ್ಸರಿಗೆ ಎಣ್ಣೆ ಹಾಕಿದ್ದೀರಾ?"

ಹಾಕಿರಲಿಲ್ಲ. ಒಂದು ಹನಿ ಬಿಟ್ಟು, ಸ್ಲೈಡಿನ ಅಡಿಗೆ ಎಣ್ಣೆ ತಾಗುವವರೆಗೆ ಕಂಡೆನ್ಸರ್ ಮೇಲೇರಿಸಿದೆ. ಬೆಳಕಿನ ಉಂಗುರ ಕುಗ್ಗಿ ಒಂದು ಚುಕ್ಕೆಯಾಯಿತು. ಐಪೀಸಿನಲ್ಲಿ ಕಣ್ಣಿಟ್ಟರೆ ಅಮಾವಾಸ್ಯೆಯ ಕತ್ತಲು, ಅದರಲ್ಲಿ ಕೆಂಪು ರಕ್ತಕಣಗಳು ಹೊಳೆಯುವ ಬಳೆಗಳಂತೆ ತೇಲುತ್ತಿದ್ದವು. ಬಳೆಗಳ ನಡುವೆ ಕೂದಲಿಗಿಂತ ಸಣ್ಣ ದಾರಗಳು, ಒಂದು, ಎರಡು, ಐದು. ಅಲ್ಲಾಡುತ್ತಿವೆ!

ತಡೆದುಕೊಳ್ಳಲಾಗಲಿಲ್ಲ. ವಾರ್ಡಿಗೆ ಫೋನ್ ಮಾಡಿ "ಲೆಪ್ಟೋ ಕಂಡಿದೆ" ಅಂದೇ ಬಿಟ್ಟೆ. ಆಮೇಲೆ ಅಣ್ಣನನ್ನು ಕರೆದೆ. ಅವರು ಒಂದು ನಿಮಿಷ ನೋಡಿದರು, ತಲೆ ಎತ್ತಲಿಲ್ಲ.

"ಕೊಕ್ಕೆ ಉಂಟಾ ನೋಡಿ ಮಾರಾಯ್ರೆ. ಇದು ಸುಮ್ನೆ ತೇಲ್ತಾ ಉಂಟು. ಫೈಬ್ರಿನ್ ದಾರ."

ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಎಳೆ, ಒಡೆದ ರಕ್ತಕಣದ ಚೂರು, ಎಲ್ಲವೂ ಡಾರ್ಕ್‌ಫೀಲ್ಡ್‌ನಲ್ಲಿ ಹೊಳೆಯುತ್ತವೆ. ಈ ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಒಂದು ನೋಟದಲ್ಲಿ ಒಂದು ಲೆಪ್ಟೋಸ್ಪೈರಾ ಕಾಣಬೇಕಾದರೂ ಒಂದು ಮಿಲಿಲೀಟರಿನಲ್ಲಿ ಸುಮಾರು 10,000 ಇರಬೇಕು. ನನಗೆ ಒಂದೇ ನೋಟಕ್ಕೆ ಐದು ಕಂಡಿದ್ದವು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ಅಣ್ಣ ಇನ್‌ಕ್ಯುಬೇಟರಿನಿಂದ ಒಂದು ಟ್ಯೂಬ್ ತಂದರು. ರೋಗಿಯ ಸೀರಮ್ಮಿಗೆ ಬೆರೆಸಿ, ಗುಂಪುಗಟ್ಟುತ್ತವೆಯೇ ಎಂದು ನೋಡುವ ಪರೀಕ್ಷೆಗಾಗಿ 30 ಡಿಗ್ರಿಯಲ್ಲಿ ಬೆಳೆಸಿಟ್ಟ ಲೆಪ್ಟೋಸ್ಪೈರಾದ ಜೀವಂತ ಕಲ್ಚರ್ ಅದು. ಒಂದು ಹನಿ, ಕವರ್‌ಸ್ಲಿಪ್. ಎದ್ದು ನನಗೆ ಜಾಗ ಬಿಟ್ಟರು.

ಇವು ತೇಲುತ್ತಿರಲಿಲ್ಲ. ತಿರುಗುತ್ತಿದ್ದವು. ಬೆಳ್ಳಿ ಸರಿಗೆಯ ತುಂಡನ್ನು ಬೆರಳ ನಡುವೆ ಹೊಸೆದ ಹಾಗೆ, ಗಿರ್ರನೆ. ಒಂದು ಬಲಕ್ಕೆ ಸರ್ರನೆ ಹೋಯಿತು, ಗಕ್ಕನೆ ನಿಂತಿತು, ತಲೆ ತಿರುಗಿಸದೆ ಹಾಗೇ ಹಿಂದಕ್ಕೆ ಬಂತು. ಯಾವುದು ತಲೆ, ಯಾವುದು ಬಾಲ ಗೊತ್ತಾಗಲೇ ಇಲ್ಲ. ತುದಿಯಲ್ಲಿ ಕೊಕ್ಕೆ, ಛತ್ರಿಯ ಹಿಡಿಯಂತೆ. ಪ್ರಶ್ನಾರ್ಥಕ ಚಿಹ್ನೆಯಂತಿದೆ ಎಂದು 1907ರಲ್ಲಿ ಸ್ಟಿಮ್ಸನ್ ಎಂಬ ವಿಜ್ಞಾನಿ ಇದಕ್ಕೆ ‘ಇಂಟೆರೊಗನ್ಸ್’ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ನನ್ನ ಸ್ಲೈಡನ್ನು ಮತ್ತೆ ಇಟ್ಟು ನೋಡಿದೆ. ಆ ದಾರಗಳು ಗಾಳಿಗೆ ಆಡುವ ಜೇಡರ ಎಳೆಯಂತಿದ್ದವು, ಅಷ್ಟೇ.

"ನಾನೂ ಮೊದಲು ಹೀಗೇ ಮಾಡಿದ್ದೆ" ಎಂದರು ಅಣ್ಣ. ಸಮಾಧಾನಕ್ಕೆ ಹೇಳಿದರೋ ನಿಜವೋ, ಕೇಳಲಿಲ್ಲ.

ವಾರ್ಡಿಗೆ ಮತ್ತೆ ಫೋನ್ ಮಾಡಬೇಕಿತ್ತು. ಹತ್ತು ನಿಮಿಷ ಬೇಕೆಂದೇ ಲೆನ್ಸಿನ ಎಣ್ಣೆ ಒರೆಸುತ್ತಾ ಕೂತೆ. ಕೊನೆಗೆ ಮಾಡಿ, ಕಂಡಿದ್ದು ಲೆಪ್ಟೋ ಅಲ್ಲ, ಸೀರಮ್ ರಿಪೋರ್ಟ್ ಬರಲಿ ಎಂದೆ. ಆ ಕಡೆಯಿಂದ ಹೌಸ್ ಸರ್ಜನ್ ಹುಡುಗಿ ನಕ್ಕಳು.

"ಪರವಾಗಿಲ್ಲ ಸರ್, ಇಲಿ ಜ್ವರಕ್ಕೆಂದು ಡಾಕ್ಸಿಸೈಕ್ಲಿನ್ ನಿನ್ನೆ ರಾತ್ರಿಯೇ ಶುರು ಮಾಡಿದ್ದೇವೆ."