ಬೆಣ್ಣೆ ದೋಸೆ ಊರಿನವರು ಹಡಗು ಹತ್ತಿದ್ದು

ಹಡಗಿನ ಪ್ರವಾಸ ಚೆನ್ನಾಗಿ ಆಗುತ್ತೋ ಇಲ್ವೋ ಅನ್ನೋದು ಸಮುದ್ರದ ಮೇಲೆ ತೀರ್ಮಾನ ಆಗುವುದಿಲ್ಲ. ಮನೆಯಲ್ಲಿ ಕೂತು ಬುಕ್ ಮಾಡುತ್ತೀರಲ್ಲ, ಮುಕ್ಕಾಲು ಪಾಲು ಅಲ್ಲೇ ಆಗಿಹೋಗಿರುತ್ತದೆ. ಯಾವ ತಿಂಗಳು, ಯಾವ ಕೋಣೆ, ಹಡಗು ಬಿಡುವ ಊರಿಗೆ ಯಾವತ್ತು ಹೋಗಿ ಇಳಿಯುವುದು – ಇಷ್ಟು ಸರಿಯಾದರೆ ಉಳಿದದ್ದು ಹೇಗೋ ನಡೆಯುತ್ತದೆ.

ನಾವು ಹೋದದ್ದು ಮುಂಬೈಯಿಂದ ಗೋವಾಕ್ಕೆ, ಅದೇ ಹಡಗಿನಲ್ಲಿ ವಾಪಸ್. ನಾನು, ನಮ್ಮ ಯಜಮಾನರು, ಡಿಗ್ರಿ ಓದುತ್ತಿರುವ ಮಗಳು, ಜೊತೆಗೆ ನಮ್ಮ ಅತ್ತೆ. ಅತ್ತೆ ಚನ್ನಗಿರಿ ಕಡೆಯವರು, ಸೂಳೆಕೆರೆ ನೋಡಿಕೊಂಡೇ ಬೆಳೆದವರು. "ಆ ಕೆರೆ ನೀರು ನೋಡಿದ್ದೇ ಸಾಕು ಬಿಡವ್ವಾ, ಇನ್ನೆಂಥಾ ಸಮುದ್ರ" ಅಂದಿದ್ದರು. ಆದರೆ ಬ್ಯಾಗು ಎಲ್ಲರಿಗಿಂತ ಮೊದಲು ರೆಡಿಯಾಗಿದ್ದು ಅವರದೇ.

ಮೊದಲು ತಿಂಗಳಿನ ವಿಷಯ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಸಹವಾಸ ಬೇಡ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನು ಹಿಡಿಯಲು ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅನ್ನೋದು ಒಂದು ಕಾರಣ, ಕಡಲು ಕೆರಳಿರುತ್ತದೆ ಅನ್ನೋದು ಇನ್ನೊಂದು. ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ಸಮಾಧಾನವಾಗಿರುತ್ತದೆ, ಬಿಸಿಲೂ ಹದ. ಅದರಲ್ಲೂ ಕ್ರಿಸ್‌ಮಸ್, ಹೊಸ ವರ್ಷ, ಶನಿವಾರ–ಭಾನುವಾರ ಬಿಟ್ಟರೆ ರೇಟು ಇಳಿಯುತ್ತದೆ. ನಾವು ಸಂಕ್ರಾಂತಿ ಮುಗಿಸಿಕೊಂಡು ವಾರದ ನಡುವೆ ಹೊರಟೆವು.

ರೇಟು ಅಂದ ಕೂಡಲೇ ಒಂದು ಮಾತು. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಅಂಕಿ ಒಬ್ಬರ ಲೆಕ್ಕ, ಅದೂ ಒಂದು ಕೋಣೆಗೆ ಇಬ್ಬರು ಅಂತ ಹಿಡಿದು. ಒಬ್ಬರೇ ಹೋದರೆ ಹೆಚ್ಚುಕಮ್ಮಿ ಇಬ್ಬರ ದುಡ್ಡು ಕೊಡಬೇಕಾಗುತ್ತದೆ. ಅದರ ಮೇಲೆ ಬಂದರಿನ ಶುಲ್ಕ, ಸಿಬ್ಬಂದಿಗೆ ಕೊಡುವ ಟಿಪ್ಸ್, ಜಿಎಸ್‌ಟಿ. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಮೊತ್ತ ಎಲ್ಲೋ ಹೋಗಿ ನಿಂತಿರುತ್ತದೆ. ಆ ಕೊನೆಯ ಪುಟ ನೋಡಿಯೇ ಒಂದು ಕಂಪನಿಗೂ ಇನ್ನೊಂದಕ್ಕೂ ಹೋಲಿಸಬೇಕು, ಮೊದಲ ಪುಟ ನೋಡಿ ಅಲ್ಲ.

ಕೋಣೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಕಿಟಕಿಯೇ ಇಲ್ಲದ ಒಳಗಿನ ಕೋಣೆ ಎಲ್ಲಕ್ಕಿಂತ ಅಗ್ಗ. ಆಮೇಲೆ ಕಿಟಕಿ ಇರುವುದು, ಅದಕ್ಕೂ ಮೇಲೆ ಬಾಲ್ಕನಿ ಇರುವುದು. ಮಗಳು ಬಾಲ್ಕನಿಗೆ ಹಟ ಹಿಡಿದಳು. ಅವಳು ರೀಲ್ಸ್‌ನಲ್ಲಿ ನೋಡಿದ್ದು ಐಕಾನ್ ಆಫ್ ದ ಸೀಸ್ ಅನ್ನೋ ಹಡಗನ್ನು. 2024ರಲ್ಲಿ ಪ್ರವಾಸ ಶುರುಮಾಡಿದ ಅದು ಸುಮಾರು 365 ಮೀಟರ್ ಉದ್ದ, 20 ಡೆಕ್ಕು, ಅಂದರೆ 20 ಅಂತಸ್ತು. ನಮ್ಮ ಕಡೆ ಓಡುವುದು ಅದರ ಮುಂದೆ ಚಿಕ್ಕದು, ಹಳೆಯದು. ಆ ರೀಲ್ಸ್ ತಲೆಯಲ್ಲಿಟ್ಟುಕೊಂಡು ಹತ್ತಿದರೆ ಸುಮ್ನೆ ಬೇಜಾರು.

ನನ್ನ ಅಭಿಪ್ರಾಯ ಕೇಳಿದರೆ, ಕೋಣೆ ಯಾವ ದರ್ಜೆಯದು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಹಡಗು ಮುಂದಕ್ಕೂ ಹಿಂದಕ್ಕೂ ತೂಗುತ್ತದಲ್ಲ, ಮೂತಿ ಮತ್ತು ಬಾಲದ ಕಡೆ ಏರಿಳಿತ ಜಾಸ್ತಿ, ನಡುಮಧ್ಯೆ ಕಮ್ಮಿ. ಪಕ್ಕಕ್ಕೆ ವಾಲುವುದು ಮೇಲಿನ ಡೆಕ್ಕಿನಲ್ಲಿ ಜೋರಾಗಿ ಗೊತ್ತಾಗುತ್ತದೆ, ಕೆಳಗಿನದರಲ್ಲಿ ಅಷ್ಟಿಲ್ಲ. ಆದ್ದರಿಂದ ಕೆಳಗಿನ ಡೆಕ್ಕು, ನಟ್ಟನಡು. ಬುಕ್ ಮಾಡುವಾಗ ಹಡಗಿನ ನಕ್ಷೆ ಸಿಗುತ್ತದೆ. ನಿಮ್ಮ ಕೋಣೆಯ ಮೇಲೂ ಕೆಳಗೂ ಬರೀ ಕೋಣೆಗಳೇ ಇವೆಯಾ ಅಂತ ಅದರಲ್ಲಿ ನೋಡಿ. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೊ ಇದ್ದರೆ ನಡುರಾತ್ರಿವರೆಗೆ ಢಬ್ ಢಬ್. ಕಿಟಕಿಗೆ ಅಡ್ಡಲಾಗಿ ಲೈಫ್‌ಬೋಟ್ ತೂಗುಹಾಕಿರುವ ಕೋಣೆಗಳೂ ಇರುತ್ತವೆ, ಅವುಗಳ ರೇಟು ಯಾಕೆ ಕಮ್ಮಿ ಅಂತ ಹತ್ತಿದ ಮೇಲೆ ಗೊತ್ತಾಗುತ್ತದೆ.

ಒಂದೇ ಕೋಣೆಯಲ್ಲಿ ಮೂವರು, ನಾಲ್ವರು ಅಂದರೆ ಮೂರನೆಯ ಹಾಸಿಗೆ ಗೋಡೆಯಿಂದ ಮೇಲುಗಡೆ ಬಿಚ್ಚಿಕೊಳ್ಳುತ್ತದೆ. ಏಣಿ ಹತ್ತಬೇಕು. ವಯಸ್ಸಾದವರು ಜೊತೆಗಿದ್ದರೆ ಇದನ್ನು ಮೊದಲೇ ಕೇಳಿಕೊಳ್ಳಿ. ನಾವು ಅಕ್ಕಪಕ್ಕದ ಎರಡು ಕೋಣೆ ತೆಗೆದುಕೊಂಡೆವು, ಅತ್ತೆ ಮತ್ತು ಮಗಳು ಒಂದರಲ್ಲಿ. ಕೋಣೆ ಅಂದರೂ ನಮ್ಮ ಮನೆಯ ದೇವರಕೋಣೆ, ಸ್ಟೋರ್ ರೂಮು ಎರಡೂ ಸೇರಿಸಿದಷ್ಟು. ಬಚ್ಚಲಲ್ಲಿ ಬಕೆಟ್ಟಿಲ್ಲ, ಚೊಂಬಿಲ್ಲ. ಅತ್ತೆ ಬ್ಯಾಗಿನಿಂದ ತಮ್ಮದೇ ಪ್ಲಾಸ್ಟಿಕ್ ಮಗ್ ತೆಗೆದಿಟ್ಟರು. ಆ ಮಗ್ ಒಂದನ್ನು ಎಲ್ಲರೂ ಒಯ್ಯಬೇಕು ಅಂತ ನಾನು ಈಗಲೂ ಹೇಳುತ್ತೇನೆ.

ಮುಂಬೈಗೆ ಹೋಗುವುದು ದಾವಣಗೆರೆಯವರಿಗೆ ಕಷ್ಟವೇನಲ್ಲ. ದಾದರ್‌ಗೆ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ನಮ್ಮೂರ ಮೇಲೆಯೇ ಹಾದುಹೋಗುತ್ತವೆ, ದಿನಾ ಇಲ್ಲ ಅಷ್ಟೇ. ಹೆದ್ದಾರಿಯಲ್ಲಿ ಸ್ಲೀಪರ್ ಬಸ್ಸುಗಳು ಇದ್ದೇ ಇವೆ. ವಿಮಾನ ಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು. ಯಾವುದರಲ್ಲೇ ಹೋಗಿ, ಹಡಗು ಬಿಡುವ ಹಿಂದಿನ ದಿನವೇ ಮುಂಬೈ ತಲುಪಿರಿ. ರೈಲು ತಪ್ಪಿದರೆ ಇನ್ನೊಂದು ರೈಲುಂಟು. ಹಡಗು ಯಾರಿಗೂ ಕಾಯುವುದಿಲ್ಲ, ತಪ್ಪಿದರೆ ದುಡ್ಡೂ ಬರುವುದಿಲ್ಲ. ನಾವು ರೈಲಿನಲ್ಲಿ ಹೋಗಿ ದಾದರ್‌ನಲ್ಲೇ ರಾತ್ರಿ ಉಳಿದೆವು.

ಬಂದರು ಇರುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಸಿಎಸ್‌ಎಂಟಿ (ಹಳೆಯ ವಿ.ಟಿ.) ರೈಲು ನಿಲ್ದಾಣಕ್ಕೆ ಹತ್ತಿರ. ವಿಮಾನಕ್ಕೆ ಮಾಡುವ ಹಾಗೆ ವೆಬ್ ಚೆಕ್‌ಇನ್ ಮಾಡಬೇಕು, ಒಳಗೆ ಹೋಗಲು ಇಂಥ ಹೊತ್ತು ಅಂತ ಕೊಡುತ್ತಾರೆ. ದೇಶದೊಳಗಿನ ಪ್ರವಾಸಕ್ಕೆ ಆಧಾರ್ ಸಾಕು, ಒರಿಜಿನಲ್ ಕೈಯಲ್ಲಿರಲಿ. ಹೊರದೇಶದ ಬಂದರು ಮುಟ್ಟುವ ಹಡಗಾದರೆ ಪಾಸ್‌ಪೋರ್ಟ್ ಬೇಕೇಬೇಕು. ದೊಡ್ಡ ಬ್ಯಾಗುಗಳನ್ನು ಚೀಟಿ ಕಟ್ಟಿ ಅಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವ ಹೊತ್ತಿಗೆ ಸಂಜೆಯಾದರೂ ಆಯಿತು. ಮಾತ್ರೆ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಇಸ್ತ್ರಿಪೆಟ್ಟಿಗೆ, ಕೆಟಲ್ಲು, ಎಕ್ಸ್‌ಟೆನ್ಷನ್ ಬಾಕ್ಸು ಬಿಡುವುದಿಲ್ಲ. ಹಡಗಿನವರಿಗೆ ನೀರಿಗಿಂತ ಬೆಂಕಿಯ ಭಯ ಜಾಸ್ತಿ.

ಹೊರಗಿನ ಊಟವನ್ನೂ ಬಿಡುವುದಿಲ್ಲ. ಅತ್ತೆಯ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇತ್ತು. ಸೆಕ್ಯುರಿಟಿ ಹುಡುಗ ಕೈ ಅಡ್ಡ ಹಿಡಿದ. ಅತ್ತೆ ಜಗಳ ಆಡಲಿಲ್ಲ. "ಒಳಗೆ ಬ್ಯಾಡ ಅಂದ್ರೆ ಇಲ್ಲೇ ಮುಗಿಸಾಣ" ಅಂತ ಬೆಂಚಿನ ಮೇಲೆ ಗಂಟು ಬಿಚ್ಚಿದರು. ಸಾಲಿನಲ್ಲಿದ್ದ ಗುಜರಾತಿ ಕುಟುಂಬಕ್ಕೆ ಎರಡು ರೊಟ್ಟಿ ಹೋಯಿತು, ಅವರ ಥೇಪ್ಲಾ ನಮಗೆ ಬಂತು. ಆ ಹುಡುಗನಿಗೂ ಒಂದು ರೊಟ್ಟಿ ಕೊಡಲು ಹೋದರು, ಅವನು ನಾಚಿಕೊಂಡು ಬೇಡ ಅಂದ.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತೆಯ ಡ್ರಿಲ್. ಎಲ್ಲರೂ ಮೂಗು ಮುರಿಯುವುದು ಇದಕ್ಕೇ. ಆದರೆ ತಪ್ಪಿಸಬೇಡಿ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಬಂತು. ಆದರೂ 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಅವತ್ತೇ ಹಡಗು ಹತ್ತಿದ್ದ ಎಷ್ಟೋ ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಅದಾದ ಮೇಲೆ ಹಡಗು ಹೊರಡುವ ಮೊದಲೇ ಡ್ರಿಲ್ ಮಾಡಿಸುವುದು ರೂಢಿಯಾಯಿತು. ಏಳು ಸಲ ಗಿಡ್ಡ ಸೈರನ್, ಆಮೇಲೆ ಒಂದು ಉದ್ದ. ಅದು ಕೇಳಿದರೆ ಎಲ್ಲಿಗೆ ಹೋಗಿ ಸೇರಬೇಕು ಅಂತ ಕೋಣೆಯ ಬಾಗಿಲ ಹಿಂದೆ ಬರೆದಿರುತ್ತದೆ. ಕೋಣೆಯಿಂದ ಅಲ್ಲಿಗೆ ಒಂದು ಸಲ ಮೆಟ್ಟಿಲು ಹತ್ತಿ ನಡೆದು ನೋಡಿ. ಸೈರನ್ ಕೂಗಿದಾಗ ಲಿಫ್ಟ್ ಬಳಸುವಂತಿಲ್ಲ.

ಹಡಗು ಬಿಡುವ ಹೊತ್ತಿಗೆ ಬಲಗಡೆಯ ಕಟಕಟೆ ಹಿಡಿದು ನಿಂತಿರಿ. ದಕ್ಷಿಣಕ್ಕೆ ಮುಖ ಮಾಡಿ ಹೊರಡುವುದರಿಂದ ಮುಂಬೈ ಊರು ಬಲಕ್ಕೇ ಬರುತ್ತದೆ. ಗೇಟ್‌ವೇ ಆಫ್ ಇಂಡಿಯಾವನ್ನು ಹಿಂದಿನಿಂದ ಫೋಟೊ ತೆಗೆದ ಎಲ್ಲರೂ ಎದುರಿನಿಂದ ನೋಡುವುದು ಇಲ್ಲೇ. ಆಮೇಲೆ ಕೊಲಾಬಾ ತುದಿಯಲ್ಲಿ ನೀರಿನ ನಡುವೆ 1875ರ ಪ್ರಾಂಗ್ಸ್ ದೀಪಸ್ತಂಭ. ಗೋವಾವರೆಗೂ ಸೂರ್ಯ ಮುಳುಗುವುದು ಬಲಕ್ಕೆ, ದಡ ಎಡಕ್ಕೆ. ವಾಪಸ್ ಬರುವಾಗ ಉಲ್ಟಾ. ಬಾಲ್ಕನಿಗೆ ದುಡ್ಡು ಕೊಡುವವರು ಇದನ್ನು ನೋಡಿ ಕೊಡಬೇಕು.

ನನಗೆ ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದಕ್ಕೆ ಟಿಕೆಟ್ಟೇ ಇರಲಿಲ್ಲ. ಬಂದರಿನಿಂದ ದೊಡ್ಡ ಹಡಗು ಹೊರಡಿಸಲು ಅಲ್ಲಿನ ನೀರು ಬಲ್ಲ ಪೈಲಟ್ ಒಬ್ಬರು ಕ್ಯಾಪ್ಟನ್ ಜೊತೆ ಇರುತ್ತಾರೆ. ಹೊರಸಮುದ್ರ ಬಂದ ಮೇಲೆ ಅವರು ಇಳಿದು ಹೋಗಬೇಕು, ಆದರೆ ಹಡಗು ನಿಲ್ಲುವುದಿಲ್ಲ. ಪುಟ್ಟ ದೋಣಿಯೊಂದು ಪಕ್ಕಕ್ಕೆ ಬಂದು ಸಮಸಮ ಓಡತೊಡಗಿತು. ಹಡಗಿನ ಮೈಮೇಲೆ ಹಗ್ಗದ ಏಣಿ ಇಳಿಬಿಟ್ಟಿದ್ದರು. ಕಿತ್ತಳೆ ಜಾಕೆಟ್ ಹಾಕಿದ್ದ ಆ ಮನುಷ್ಯ ಏಣಿಯ ಕೊನೆಯ ಮೆಟ್ಟಿಲವರೆಗೆ ಇಳಿದು ಸುಮ್ಮನೆ ನಿಂತ. ಒಂದು ಅಲೆ ಹೋಯಿತು, ಇನ್ನೊಂದೂ ಹೋಯಿತು. ಮೂರನೆಯದು ದೋಣಿಯನ್ನು ಮೇಲಕ್ಕೆತ್ತಿದಾಗ ಕಾಲು ಅತ್ತ ಇಟ್ಟ, ಅಷ್ಟೇ. "ಹೆಂಡ್ರು ಮಕ್ಳು ಇರಾ ಮನುಷ್ಯ, ಹಿಂಗೆಲ್ಲಾ ಮಾಡಬಾರ್ದಪ್ಪಾ" ಅಂತ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಅಷ್ಟೊತ್ತಿಗೆ ಬಹಳ ಜನ ಒಳಗೆ ಬಫೆ ಸಾಲಿನಲ್ಲಿದ್ದರು.

ತಲೆಸುತ್ತು ಬಂದದ್ದು ನಮ್ಮ ಯಜಮಾನರಿಗೆ. ವಾಂತಿಗೆ ಮಾತ್ರೆ ಇದೆ, ಅವೊಮಿನ್ ಅಂತ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಆದರೆ ಅದನ್ನು ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅರ್ಧ ಪ್ರಯೋಜನ. ನಿದ್ದೆ ಬರುತ್ತದೆ, ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ತಿನ್ನಿ. ಕೋಣೆಯಲ್ಲಿ ಮಲಗಿ ಮೊಬೈಲ್ ನೋಡಿದರೆ ಇನ್ನೂ ಜಾಸ್ತಿಯಾಗುತ್ತದೆ. ತೆರೆದ ಡೆಕ್ಕಿಗೆ ಬಂದು ದೂರದಲ್ಲಿ ನೀರೂ ಆಕಾಶವೂ ಸೇರುವ ಗೆರೆ ನೋಡುತ್ತಾ ನಿಲ್ಲಬೇಕು. ಕಣ್ಣು ಹೇಳುವುದು, ಕಿವಿಯೊಳಗಿನ ಸಮತೋಲ ಹೇಳುವುದು ಎರಡೂ ಆಗ ಒಂದೇ ಆಗುತ್ತದೆ. ಹೊಟ್ಟೆ ಖಾಲಿ ಬಿಡಬಾರದು. ಒಂದು ಬ್ರೆಡ್ಡು, ಸ್ವಲ್ಪ ಶುಂಠಿ ಸಾಕು. ನಮ್ಮವರು ಊಟದ ಹೊತ್ತಿಗೆ ಎದ್ದು ಕೂತರು.

ಊಟ ಧಾರಾಳ. ಜೈನರಿಗೂ ಬೇರೆ ಅಡುಗೆ ಇತ್ತು. ದೋಸೆಯ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ, ಸೌದೆ ಒಲೆಯ ಬೆಣ್ಣೆ ದೋಸೆ ತಿಂದವರ ಮುಂದೆ ಯಾರ ದೋಸೆಯೂ ಪಾಸಾಗುವುದಿಲ್ಲ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಹಡಗುಗಳಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುವ ನೊರೊವೈರಸ್ ವಾಂತಿಭೇದಿಗೆ ಬರೀ ಸ್ಯಾನಿಟೈಸರ್ ಸಾಲದು.

ಹಡಗಿನಲ್ಲಿ ನೋಟು ನಡೆಯುವುದಿಲ್ಲ. ಕೋಣೆಯ ಕೀಲಿಯೇ ಕಾರ್ಡು, ಎಲ್ಲ ಖರ್ಚೂ ಅದಕ್ಕೇ ಬೀಳುತ್ತದೆ. ಜ್ಯೂಸು, ಫೋಟೊ, ಮಸಾಜು, ಕ್ಯಾಸಿನೊ... ಕಾರ್ಡು ತೋರಿಸುವಾಗ ದುಡ್ಡು ಹೋದ ಹಾಗೇ ಅನ್ನಿಸುವುದಿಲ್ಲ. ಮಗಳಿಗೆ ಮೊದಲೇ ಇಷ್ಟೇ ಅಂತ ಹೇಳಿಟ್ಟಿದ್ದೆ. ದಿನಾ ಸಂಜೆ ರಿಸೆಪ್ಷನ್ನಿನಲ್ಲಿ ಲೆಕ್ಕ ನೋಡಿಕೊಂಡರೆ ಕೊನೆಯ ದಿನದ ಉದ್ದ ಸಾಲೂ ತಪ್ಪುತ್ತದೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ದಡದ ಸಿಗ್ನಲ್ ಹೋದ ಮೇಲೆ ಹಡಗಿನ ಉಪಗ್ರಹ ನೆಟ್‌ವರ್ಕ್ ತಾನಾಗಿಯೇ ಹಿಡಿದುಕೊಂಡರೆ ರೋಮಿಂಗ್ ಬಿಲ್ಲು ಹೌಹಾರಿಸುತ್ತದೆ.

ಗೋವಾದಲ್ಲಿ ಹಡಗು ನಿಲ್ಲುವುದು ಮೊರ್ಮುಗಾವ್ ಬಂದರಿನಲ್ಲಿ, ವಾಸ್ಕೋ ಪಕ್ಕ. ಪಣಜಿ, ಉತ್ತರದ ಬೀಚುಗಳು ಅಲ್ಲಿಂದ ದೂರ. ಎಲ್ಲ ನೋಡುತ್ತೇನೆ ಅಂತ ಹೊರಟರೆ ದಿನವೆಲ್ಲ ಟ್ಯಾಕ್ಸಿಯಲ್ಲೇ. ನಾವು ಹೋಗಿದ್ದು ಮಂಗೇಶಿ ದೇವಸ್ಥಾನಕ್ಕೆ ಮಾತ್ರ. ಪೋರ್ಚುಗೀಸರ ಕಾಲದಲ್ಲಿ, 16ನೇ ಶತಮಾನದಲ್ಲಿ, ದೇವರನ್ನು ಕೋರ್ಟಾಲಿಂನಿಂದ ಹೊಳೆಯಾಚೆಗೆ ಸಾಗಿಸಿಕೊಂಡು ಬಂದು ಇಟ್ಟ ಜಾಗ ಅದು. ಕಂಪನಿಯ ಬಸ್ಸಿನಲ್ಲಿ ಹೋದರೆ ರೇಟು ಜಾಸ್ತಿ, ಆದರೆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿಯವರಿಗೆ ಆ ಭಾಗ್ಯ ಇಲ್ಲ. ನಾವು ಟ್ಯಾಕ್ಸಿ ಮಾಡಿದ್ದರಿಂದ ಎರಡು ಗಂಟೆ ಮುಂಚೆಯೇ ಬಂದುಬಿಟ್ಟೆವು. ಊರು ನೋಡಲು ಹೋದವರೆಲ್ಲ ಹೊರಗಿದ್ದರು, ಈಜುಕೊಳ ಖಾಲಿ, ಲಿಫ್ಟ್ ಖಾಲಿ. ಅತ್ತೆ ಲಿಫ್ಟ್‌ನಲ್ಲಿ ಸುಮ್ನೆ ಮೇಲೆ ಕೆಳಗೆ ಓಡಾಡಿದರು.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಬ್ಯಾಗುಗಳನ್ನು ಬಾಗಿಲ ಹೊರಗೆ ಇಡಬೇಕು. ಮರುದಿನದ ಬಟ್ಟೆ ಒಳಗೆ ಉಳಿಸಿಕೊಳ್ಳಿ. ನಮ್ಮ ಎದುರು ಕೋಣೆಯವರು ಪ್ಯಾಂಟೂ ಸೇರಿಸಿ ಎಲ್ಲ ಕೊಟ್ಟುಬಿಟ್ಟು, ಬೆಳಿಗ್ಗೆ ಹೂವಿನ ಚಡ್ಡಿಯಲ್ಲಿ ಮುಂಬೈಗೆ ಇಳಿದರು. ಆಮೇಲೆ ಅರ್ಧ ದಿನ ನೆಲ ತೂಗಿದ ಹಾಗೆ ಅನ್ನಿಸುತ್ತದೆ, ಹೆದರಬೇಡಿ. ವಾಪಸ್ ಪ್ರಯಾಣ ಸಂಜೆಗೇ ಇಟ್ಟುಕೊಳ್ಳಿ.

ನಾವು ಸ್ಲೀಪರ್ ಬಸ್ ಹತ್ತಿದೆವು. ಹಡಗಿನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಮಗಳು ಪುಣೆ ದಾಟಿ ಖಂಬಾಟ್ಕಿ ಘಾಟಿ ಬಂದ ಕೂಡಲೇ ಕವರ್ ಕೇಳಿದಳು. ಅವೊಮಿನ್ ಉಳಿದಿತ್ತು. ಆದರೆ ನಮ್ಮ ಯಜಮಾನರು ಅದನ್ನು ದೊಡ್ಡ ಬ್ಯಾಗಿಗೆ ಹಾಕಿದ್ದರು, ಬ್ಯಾಗು ಬಸ್ಸಿನ ಡಿಕ್ಕಿಯಲ್ಲಿತ್ತು.