ಸೈಕಲ್ ಜೋಡಿಸುವಾಗ ಎಲ್ಲಿ ಗ್ರೀಸ್, ಎಲ್ಲಿ ಎಣ್ಣೆ, ಎಲ್ಲಿ ಎರಡೂ ಬೇಡ

ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರು ಒಂದೇ ಗ್ರೀಸ್ ಡಬ್ಬಿ ಹಿಡಿದು ಸೈಕಲಿಗೆಲ್ಲ ಬಳಿಯುತ್ತಾರೆ. ಬಳಿಯುವ ಮುನ್ನ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಭಾಗ ತಿರುಗಬೇಕೋ, ಅಲುಗದೆ ಕೂತು ಮುಂದೆಂದೋ ಬಿಚ್ಚಿಬರಬೇಕೋ?

ಪೆಡಲಿನ ಥ್ರೆಡ್ ಎರಡನೆಯ ಜಾತಿಯದು. ಅದರ ಅಚ್ಚು ಉಕ್ಕು, ಅದು ಕೂರುವ ತೋಳು, ಅಂದರೆ ಕ್ರ್ಯಾಂಕ್, ಸಾಮಾನ್ಯವಾಗಿ ಅಲ್ಯುಮಿನಿಯಂ. ಎರಡರ ನಡುವೆ ಮಳೆನೀರು ಸೇರಿದರೆ ಅಲ್ಯುಮಿನಿಯಂ ಸವೆದು ಬಿಳಿ ಪುಡಿಯಾಗಿ ಉಬ್ಬುತ್ತದೆ, ಪೆಡಲ್ ಕಚ್ಚಿಕೊಳ್ಳುತ್ತದೆ. ಗ್ರೀಸಿಲ್ಲದೆ ಕೂರಿಸಿ, ಮಲೆನಾಡಿನಲ್ಲೋ ಕರಾವಳಿಯಲ್ಲೋ ಎರಡು ಮಳೆಗಾಲ ಓಡಿಸಿ ಬಿಚ್ಚಲು ಹೋದರೆ ಕ್ರ್ಯಾಂಕಿನ ಥ್ರೆಡ್ಡೇ ಕಿತ್ತುಬರಬಹುದು. ಥ್ರೆಡ್ ಸುತ್ತ ತೆಳ್ಳಗೆ ಗ್ರೀಸ್ ಸವರಿ 35–40 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಎಡ ಪೆಡಲಿನದು ಉಲ್ಟಾ ಥ್ರೆಡ್. ಉಕ್ಕಿನ ಫ್ರೇಮಿಗೆ ಇಳಿಸುವ ಅಲ್ಯುಮಿನಿಯಂ ಸೀಟ್ ಪೋಸ್ಟಿಗೂ ಗ್ರೀಸ್ ಬೇಕು. ಟೈಟಾನಿಯಂ ಬೋಲ್ಟಿಗೆ ಮಾತ್ರ ಲೋಹ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್.

ಕಾರ್ಬನ್ ಸೀಟ್ ಪೋಸ್ಟಿಗೆ ಗ್ರೀಸ್ ಹಚ್ಚಬೇಡಿ. ಅದು ಜಾರುತ್ತದೆ, ಜಾರಿತೆಂದು ಇನ್ನಷ್ಟು ಬಿಗಿದರೆ ಪೋಸ್ಟ್ ಸೀಳುತ್ತದೆ. ಅದಕ್ಕೆಂದೇ ಸಣ್ಣ ಹರಳುಗಳಿರುವ ಪೇಸ್ಟ್ ಬರುತ್ತದೆ; ಹರಳು ಹಿಡಿತ ಕೊಡುವುದರಿಂದ ಕಡಿಮೆ ಬಿಗಿತವೇ ಸಾಕಾಗುತ್ತದೆ.

ಚಕ್ರದ ನಡುವಿನ ಹಬ್ಬಿನಲ್ಲಿ ಮಾತ್ರ ಕೈಬಿಚ್ಚಿ ಗ್ರೀಸ್ ಹಾಕಿ. ಮಾಮೂಲಿ ಹಿಂದಿನ ಹಬ್ಬಿಗೆ ಕಾಲಿಂಚಿನ ಗುಂಡು ಒಂದೊಂದು ಬದಿಗೆ 9, ಮುಂದಿನದಕ್ಕೆ 3/16 ಇಂಚಿನವು 10. ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಗುಂಡು ಕೂರುವ ಬಟ್ಟಲಿಗೆ (ಕಪ್) ಗುಂಡಿನ ಅರ್ಧ ಮುಳುಗುವಷ್ಟು ಗ್ರೀಸ್ ತುಂಬಿ, ಗುಂಡು ಕೂರಿಸಿ, ಮೇಲೆ ಇನ್ನೊಂದು ಪದರ ಎಳೆಯಿರಿ. ಗುಂಡುಗಳನ್ನು ಒತ್ತಿಹಿಡಿಯುವ ಕೋನ್ ಹಾಕಿದಾಗ ಹೆಚ್ಚಾದದ್ದು ತಾನೇ ಹೊರಬರುತ್ತದೆ, ಬಟ್ಟೆಯಲ್ಲಿ ಒರೆಸಿ. ಸಾಮಾನ್ಯ ಲಿಥಿಯಂ ಗ್ರೀಸ್ ಸಾಕು. ನೀರಲ್ಲೇ ಓಡುವ ಸೈಕಲಾದರೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ಹೆಚ್ಚು ಬಾಳುತ್ತದೆ.

ಹಿಂದಿನ ಹಬ್ಬಿಗೆ ಹೊಂದಿಕೊಂಡ, ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಫ್ರೀಹಬ್ಬಿನ ಒಳಗೆ ಅದೇ ದಪ್ಪ ಗ್ರೀಸ್ ತುಂಬಿದರೆ ಅದರ ಸ್ಪ್ರಿಂಗ್ ನಾಲಿಗೆಗಳು ಅಂಟಿಕೊಂಡು ಎದ್ದು ಹಲ್ಲು ಹಿಡಿಯುವುದಿಲ್ಲ, ಪೆಡಲ್ ತುಳಿದರೆ ಕಾಲು ಖಾಲಿ ಜಾರುತ್ತದೆ. ಏರಿನಲ್ಲಿ ನಿಂತು ತುಳಿಯುವವರಿಗೆ ಇದು ನಿಜಕ್ಕೂ ಅಪಾಯ. ತೆಳು ಗ್ರೀಸ್ ಇಲ್ಲವೇ ದಪ್ಪ ಎಣ್ಣೆ ಹಾಕಿ.

ಚೈನಿನ ಒಂದೊಂದು ರೋಲರ್‌ಗೆ ಒಂದು ಹನಿ ಎಣ್ಣೆ, ಐದು ನಿಮಿಷ ಬಿಟ್ಟು ಹೊರಮೈ ಒರೆಸಿ. ಮನೆಯ ತೆಂಗಿನೆಣ್ಣೆ ಬೇಡ: ಚಳಿಗೆ ಗಟ್ಟಿಯಾಗುತ್ತದೆ, ಧೂಳು ಹಿಡಿದು ಅಂಟಾಗುತ್ತದೆ.

ಡಿಸ್ಕ್ ಬ್ರೇಕಿನ ರೋಟರ್ (ತಿರುಗುವ ತಟ್ಟೆ), ಪ್ಯಾಡ್ ಹತ್ತಿರ ಯಾವುದೂ ಸೋಕಬಾರದು, ಗ್ರೀಸ್ ಕೈಯೂ ಕೂಡ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಉಳಿಸಬಹುದು, ಎಣ್ಣೆ ಕುಡಿದ ಪ್ಯಾಡನ್ನು ಬದಲಿಸಿಬಿಡುವುದೇ ಸರಿ.